ಹೆಸರಿಡದ ಕಣಿವೆಯಲ್ಲಿ ನಾಲ್ವರು

ಆನ್‌ಲೈನ್ ಆಟವೊಂದರ ಲೋಕದಲ್ಲಿ ಗೋಡೆ ಮುಟ್ಟಿ ನೋಡುವುದು ಅವಳ ಕೆಲಸ. ಲಕ್ಷಾಂತರ ಜನ ಅಡ್ಡಾಡುವ ಆ ಲೋಕದ ಬೆಟ್ಟಗಳ ಹಿಂದೆ ಇನ್ನೂ ಕಟ್ಟಿ ಮುಗಿಸದ ಜಾಗಗಳಿದ್ದವು. ಆಟಗಾರರು ಅಲ್ಲಿಗೆ ನುಸುಳಬಾರದು. ಅದಕ್ಕಾಗಿ ಅವಳು ದಿನವಿಡೀ ಕಚೇರಿಯ ಮೂಲೆಯಲ್ಲಿ ಕುಳಿತು, ತನ್ನ ಪಾತ್ರವನ್ನು ಬಂಡೆ ಬಂಡೆಗೂ ಢಿಕ್ಕಿ ಹೊಡೆಸಿ, ಸಿಕ್ಕ ಬಿರುಕುಗಳನ್ನೆಲ್ಲ ಪಟ್ಟಿಗೆ ಸೇರಿಸುತ್ತಿದ್ದಳು. “ತಲೆ ಚಚ್ಚಿಕೊಳ್ಳೋದೂ ಒಂದು ಉದ್ಯೋಗ ಆಯ್ತಲ್ಲ!” ಎಂದು ಅವಳ ಅತ್ತೆ ನಗುತ್ತಿದ್ದರು.

ಒಂದು ಬಿರುಕನ್ನು ಮಾತ್ರ ಅವಳು ಪಟ್ಟಿಗೆ ಸೇರಿಸಿರಲಿಲ್ಲ. ಉತ್ತರದ ಜಲಪಾತದ ಹಿಂದೆ ಓರೆಯಾಗಿ ನುಗ್ಗಿದರೆ ಅರ್ಧ ಕಟ್ಟಿದ ಕಣಿವೆಯೊಂದು ಸಿಗುತ್ತಿತ್ತು. ಅಲ್ಲಿನ ಮನೆಗಳಿಗೆ ಮುಂಭಾಗ ಮಾತ್ರ ಇತ್ತು, ಬಾಗಿಲುಗಳು ಬರೀ ಚಿತ್ರ. ಮರಗಳ ಎಲೆ ಅಲ್ಲಾಡುತ್ತಿರಲಿಲ್ಲ. ಕಚೇರಿಯಲ್ಲಿ ಮೊಣಕೈಗೆ ಮೊಣಕೈ ತಾಗುವಷ್ಟು ಜನ, ಮನೆಯಲ್ಲಿ ಎರಡೇ ಕೋಣೆ. ಊಟದ ಬಿಡುವಿನಲ್ಲಿ ಅವಳು ಆ ಕಣಿವೆಯಲ್ಲಿ ಪಾತ್ರವನ್ನು ನಿಲ್ಲಿಸಿ ಸುಮ್ಮನೆ ನೋಡುತ್ತ ಡಬ್ಬಿ ಖಾಲಿ ಮಾಡುತ್ತಿದ್ದಳು. ಇವತ್ತು ಬರೆಯುತ್ತೇನೆ, ನಾಳೆ ಬರೆಯುತ್ತೇನೆ ಎನ್ನುತ್ತ ಎಂಟು ತಿಂಗಳು ಕಳೆದಿತ್ತು.

ಅತ್ತೆ ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿ ನಿಂತೇ ದುಡಿದವರು. ಮೂರು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದಾಗ ಮೊದಲ ಬಾರಿಗೆ ಹಾಸಿಗೆ ಹಿಡಿದರು. ಸೊಸೆ ತನ್ನ ಹಳೇ ಲ್ಯಾಪ್‌ಟಾಪ್ ಕೊಟ್ಟು ಆಟ ಕಲಿಸಿದಳು. ವರ್ಷ ತುಂಬುವುದರೊಳಗೆ ಅತ್ತೆ ಅಲ್ಲಿ ‘ಗುಡುಗಮ್ಮ’ ಆಗಿದ್ದರು, ಮೂವರು ವಯಸ್ಸಾದವರ ಗುಂಪಿಗೆ ನಾಯಕಿ. ಕಳೆದ ತಿಂಗಳು ನೋವು ಮರುಕಳಿಸಿ ಅವರು ಗೋಡೆ ಕಡೆ ಮುಖ ಮಾಡಿ ಮಲಗಿದ್ದ ದಿನ, ಸೊಸೆ ಮನಸ್ಸು ತಡೆಯದೆ ಅವರನ್ನು ಆ ಕಣಿವೆಗೆ ಕರೆದೊಯ್ದು ತೋರಿಸಿದ್ದಳು. ಆ ಬಿರುಕು ಒಳಹೋಗಲಷ್ಟೇ. ಒಳಗಿನಿಂದ ನೋಡಿದರೆ ಬರೀ ಬಂಡೆ. ಹಾಗಾಗಿ ಪರೀಕ್ಷಕರಿಗೆ ಮಾತ್ರ ಇರುವ ಕೀಲಿ ಬಳಸಿ ಅವರನ್ನು ಹೊರಗೆಳೆದಿದ್ದಳು.

“ಯಾರಿಗೂ ಹೇಳ್ಬೇಡಿ ಅತ್ತೆ.”

“ನನ್ನ ಬಾಯಿಗೆ ಬೀಗ ಹಾಕಿದೆ ಅಂತ ತಿಳ್ಕೋ.”

ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಆಟಕ್ಕೆ ಹೊಸ ನಕ್ಷೆ ಬರುವುದಿತ್ತು. ಹಳೆಯ ಕಣಿವೆ ಅಳಿಸಿಹೋಗುತ್ತದೆ. ಆ ಗಳಿಗೆಯಲ್ಲಿ ಅಲ್ಲಿರುವ ಪಾತ್ರ ಕೆಟ್ಟುಹೋಗಿ ಮತ್ತೆಂದೂ ತೆರೆಯುವುದಿಲ್ಲ. ಆಡುವುದನ್ನು ನಿಲ್ಲಿಸಿ ಎದ್ದುಹೋದರೂ ಪಾತ್ರ ಅಲ್ಲೇ ಉಳಿದಿರುತ್ತದೆ. ಹನ್ನೊಂದೂಮುಕ್ಕಾಲಿಗೆ ಅವಳು ಕೊನೆಯ ಬಾರಿ ಕಣಿವೆಯನ್ನು ನೋಡಿಬರೋಣವೆಂದು ಹೋದರೆ, ಚಿತ್ರದ ಬಾಗಿಲುಗಳ ಮುಂದೆ ಗುಡುಗಮ್ಮ ನಿಂತಿದ್ದಳು. ಜೊತೆಗೆ ಇನ್ನಿಬ್ಬರು. ಫೋನ್ ಹಿಡಿದು ಮೆಟ್ಟಿಲ ಕಡೆಗೆ ಓಡಿದಳು.

“ಅತ್ತೆ, ಅಲ್ಲೇನ್ ಮಾಡ್ತಿದ್ದೀರಿ?”

“ಅಳಿಸ್ತಾರೆ ಅಂದ್ಯಲ್ಲ, ಇವರೂ ಒಂದ್ಸಲ ನೋಡ್ಲಿ ಅಂತ ಕರ್ಕೊಂಡ್ ಬಂದೆ. ಊರಿಗೆ ಮರಳೋ ಕಲ್ಲು ಇದೆಯಲ್ಲ, ಅದನ್ನ ಒತ್ತಿದ್ರೆ ಆಯ್ತು ಅಂದ್ಕೊಂಡೆ. ಒತ್ತಿದ್ರೆ ‘ನೀವು ಎಲ್ಲೂ ಇಲ್ಲ’ ಅನ್ನುತ್ತೆ ಕಣೆ.”

ಕಣಿವೆಗೆ ಇನ್ನೂ ಹೆಸರಿಟ್ಟಿರಲಿಲ್ಲ. ಹೆಸರಿಲ್ಲದ ಜಾಗದಿಂದ ಆ ಕಲ್ಲು ಯಾರನ್ನೂ ಒಯ್ಯುತ್ತಿರಲಿಲ್ಲ.

“ನಾಲ್ಕನೆಯವರು ಎಲ್ಲಿ?”

“ಮೇಷ್ಟ್ರು ದಾರಿ ಹುಡುಕ್ತೀನಿ ಅಂತ ಆ ತುದಿಯಿಂದ ಹಾರಿದ್ರು.” ಅತ್ತೆಯ ದನಿ ಸಣ್ಣದಾಯಿತು. “ಕೆಳಗೆ ನೆಲಾನೇ ಇಲ್ಲ, ಆಗಿಂದ ಬೀಳ್ತಾನೇ ಇದ್ದಾರೆ.”

ಕೀಲಿ ಬಳಸಿದರೆ ಎಲ್ಲರನ್ನೂ ಎಳೆಯಬಹುದು. ಆದರೆ ನಕ್ಷೆ ಬದಲಾಗುವ ದಿನ ಮುಖ್ಯಸ್ಥೆ ಒಪ್ಪದೆ ಕೀಲಿ ತೆರೆಯುವುದಿಲ್ಲ. ಕೇಳಬೇಕೆಂದರೆ ಬಿರುಕಿನ ವಿಷಯ ಬಾಯಿಬಿಡಬೇಕು. ಬಾಯಿಬಿಟ್ಟರೆ ಕೆಲಸ ಉಳಿಯುವ ಖಾತ್ರಿಯಿಲ್ಲ. ಮೆಟ್ಟಿಲ ಮೇಲೆ ಎರಡು ನಿಮಿಷ ನಿಂತೇ ಬಿಟ್ಟಳು. ಆ ಎರಡು ನಿಮಿಷಕ್ಕೆ ಆಮೇಲೆ ತನ್ನನ್ನು ತಾನು ಬಹಳ ಶಪಿಸಿಕೊಂಡಳು.

ಮುಖ್ಯಸ್ಥೆಯನ್ನು ಎಲ್ಲರೂ ಬೆನ್ನ ಹಿಂದೆ ‘ಗಡಿಯಾರ’ ಎನ್ನುತ್ತಿದ್ದರು. ಅವರ ಮೇಜಿನ ಮುಂದೆ ನಿಂತು ಅವಳು ಒಂದೇ ಉಸಿರಿಗೆ ಹೇಳಿದಳು. ಗಡಿಯಾರ ಕನ್ನಡಕ ತೆಗೆದರು.

“ಎಷ್ಟು ದಿನದಿಂದ ಗೊತ್ತು?”

“ಎಂಟು ತಿಂಗಳು.”

“ನಕ್ಷೆ ತಡೆಯೋಕಾಗಲ್ಲ, ಆಗ್ಲೇ ಹೊರಟಿದೆ.” ಅವರು ಕೀಲಿಗೆ ಒಪ್ಪಿಗೆ ಒತ್ತಿದರು. “ಮೊದಲು ಅವರನ್ನ ತೆಗಿ. ನಿನ್ನ ವಿಚಾರ ಆಮೇಲೆ.”

ಹನ್ನೊಂದೂ ಐವತ್ತೈದು. ಪಾತ್ರದ ಹೆಸರನ್ನು ಅಕ್ಷರ ತಪ್ಪದೆ ಬರೆದರೆ ಮಾತ್ರ ಕೀಲಿ ಕೆಲಸ ಮಾಡುತ್ತಿತ್ತು. ಒಂದೊಂದಕ್ಕೂ ಒಂದೊಂದು ನಿಮಿಷ. ಫೋನಿನಲ್ಲಿ ಅತ್ತೆ ಹೆಸರು ಹೇಳುತ್ತ ಹೋದರು. “ಮೊದಲು ಅವರಿಬ್ಬರು, ಆಮೇಲೆ ಮೇಷ್ಟ್ರು. ನಾನು ಕೊನೆಗೆ ಇಳೀತೀನಿ.” ಬಸ್ಸಿನಲ್ಲಿದ್ದಾಗಿನ ಅದೇ ಗಡಸು ದನಿ. ಇಬ್ಬರು ಊರ ಚೌಕದಲ್ಲಿ ಬಂದು ನಿಂತರು.

“ಮೇಷ್ಟ್ರ ಹೆಸರು ‘ಬಿಳಿಹುಲಿ’.”

ಬರೆದಳು. ಅಂಥ ಪಾತ್ರವಿಲ್ಲ ಎಂದಿತು. ಬಿಡಿಸಿ ಬರೆದಳು. ಇಲ್ಲ.

“ಅತ್ತೆ, ಸರಿಯಾಗಿ ನೋಡಿ ಹೇಳಿ!”

“ಹೆಸರು ತಲೆ ಮೇಲಿರುತ್ತೆ, ಅವರೇ ಕಣ್ಣಿಗೆ ಕಾಣ್ತಿಲ್ವಲ್ಲೇ!”

“ಹಾಗಾದ್ರೆ ನಿಮ್ಮದನ್ನ ಮೊದಲು ಮಾಡ್ತೀನಿ.”

“ಬೇಡ. ಮೊದಲು ಅವರು.”

ಅವಳು ಮಾತು ಕೇಳಲಿಲ್ಲ. ‘ಗುಡುಗಮ್ಮ’ ಎಂದು ಬರೆದು ಒತ್ತಿದಳು. ಅತ್ತೆ ಫೋನಿನಲ್ಲಿ ಅವಳನ್ನು ಬೈದ ಬೈಗುಳ ಪಕ್ಕದ ಮೇಜಿನವರಿಗೂ ಕೇಳಿಸಿತು. ಬೈಯುತ್ತಿದ್ದವರು ತಟ್ಟನೆ ನಿಲ್ಲಿಸಿದರು.

“ಹುಳಿ! ಹುಳಿ ಕಣೆ! ಕನ್ನಡಕ ಇಲ್ದೆ ಬರೆದಿದ್ರು, ‘ಬಿಳಿಹುಳಿ’ ಅಂತಾಗಿತ್ತು. ಅದಕ್ಕೇ ನಾವೆಲ್ಲ ನಗ್ತಿದ್ವಿ—”

ಅವಳು ಬರೆದಳು, ಒತ್ತಿದಳು. ಪರದೆ ಕಪ್ಪಾಯಿತು. ಮತ್ತೆ ಬೆಳಗಿದಾಗ ಕಣಿವೆಯಿದ್ದ ಕಡೆ ಹೊಸ ಸರೋವರ ಹೊಳೆಯುತ್ತಿತ್ತು. ಚೌಕದಲ್ಲಿ ಮೂವರೇ ಇದ್ದರು.

ಕೆಲಸ ಹೋಗಲಿಲ್ಲ. ಆದರೆ ಗೋಡೆಯ ಕೆಲಸದಿಂದ ತೆಗೆದು ದೂರು ವಿಭಾಗಕ್ಕೆ ಹಾಕಿದರು. “ನೀನು ಸರಿ ಅಂದ ಗೋಡೆನ ನಾನು ಮತ್ತೆ ಮುಟ್ಟಿ ನೋಡಿದವಳಲ್ಲ,” ಎಂದಷ್ಟೇ ಗಡಿಯಾರ ಹೇಳಿದರು, ಕೂಗಾಡಿದ್ದರೆ ವಾಸಿಯಿತ್ತು. ಸಂಜೆ ಅವಳೇ ಮೇಷ್ಟ್ರಿಗೆ ಫೋನ್ ಮಾಡಿದಳು. ಯಾವುದೋ ಊರಿನ ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು.

“ಮೂರು ವರ್ಷ ಕಷ್ಟಪಟ್ಟು ಬೆಳೆಸಿದ್ದಮ್ಮ,” ಎಂದರು. “ಅಪಾಯ ಅಂತ ಒಂದು ಮಾತು ಹೇಳಿದ್ರೆ ನಾನು ಬರ್ತಾನೇ ಇರ್ಲಿಲ್ಲ.” ಫೋನ್ ಇಟ್ಟರು.

ಅತ್ತೆ ಎರಡು ದಿನ ಸೊಸೆಯ ಜೊತೆ ಮಾತಾಡಲಿಲ್ಲ. ತಟ್ಟೆಯಲ್ಲಿ ಅರ್ಧ ಊಟ ಹಾಗೇ ಉಳಿಯುತ್ತಿತ್ತು. ಭಾನುವಾರ ಬೆಳಿಗ್ಗೆ ಸೊಸೆ ಕಾಫಿ ತಂದಾಗ ಅವರು ದಿಂಬಿಗೆ ಒರಗಿ ಆಡುತ್ತಿದ್ದರು. ಪರದೆಯ ಮೇಲೆ ಗುಡುಗಮ್ಮನಿರಲಿಲ್ಲ. ಬರಿಗಾಲಿನ, ಕೈಯಲ್ಲೊಂದು ಕೋಲು ಹಿಡಿದ ಹೊಸ ಪಾತ್ರವೊಂದು ಇಲಿ ಅಟ್ಟುತ್ತಿತ್ತು. ಪಕ್ಕದಲ್ಲಿ ಅಂಥದ್ದೇ ಇನ್ನೊಂದು.

“ಗುಡುಗಮ್ಮನ್ನ ಬಿಟ್ಟುಬಿಟ್ರಾ?”

“ಇದ್ದಾಳೆ ಬಿಡು. ಮೇಷ್ಟ್ರು ಒಬ್ಬರೇ ಮೊದಲಿಂದ ಶುರು ಮಾಡೋಕಾಗುತ್ತಾ? ನಾನೇ ಹತ್ತಿಸಿ ಕರ್ಕೊಂಡ್ ಹೋಗಿದ್ದಲ್ವಾ?” ಅತ್ತೆ ಅವಳ ಮುಖ ನೋಡಲಿಲ್ಲ. ಕಾಫಿಗೆ ಮಾತ್ರ ಕೈ ಚಾಚಿದರು.

ಸ್ಪೀಕರಿನಲ್ಲಿ ಮೇಷ್ಟ್ರ ದನಿ ಬಂತು. “ಪಕ್ಕದಲ್ಲಿ ಯಾರು? ನಿಮ್ಮ ಸೊಸೇನಾ?”

“ಹೌದು. ಮಾತಾಡ್ತೀರಾ?”

ಅತ್ತ ಕಡೆ ಕೀಲಿಮಣೆ ಟಪಟಪ ಎಂದಿತು.

“ಇವತ್ತು ಬೇಡ,” ಎಂದರು ಮೇಷ್ಟ್ರು. “ಎಡಗಡೆ ನೋಡ್ಕೊಳ್ಳಿ, ಇನ್ನೊಂದು ಇಲಿ ಬರ್ತಿದೆ.”