ಮೋಟಾರು ಪುಸ್ತಕಗಳಿಗೊಂದು ಮನೆ

ಶಿವರುದ್ರಪ್ಪನವರಂಥ ಪಾಪದ ಮನುಷ್ಯರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಯಾರು ಏನಂದರೂ ಹೌದ್ರಿ. ಬೈದರೂ ಹೌದ್ರಿ, ನೂಕಿದರೂ ಹೌದ್ರಿ. ಇಂಥವರು ಇರುವುದರಿಂದಲೇ ಉಳಿದವರು ತಲೆಯ ಮೇಲೆ ಹತ್ತಿ ಕೂಡುತ್ತಾರೆ. ಅವರು ನಮ್ಮ ಬಾಗಲಕೋಟೆ ಕಡೆಯವರು ಎಂಬ ಒಂದೇ ಕಾರಣಕ್ಕೆ ನಾನು ಇದನ್ನೆಲ್ಲ ನೋಡಬೇಕಾಯಿತು. ಇಲ್ಲದಿದ್ದರೆ ಪುಣೆ ಹತ್ತಿರದ ಖಡಕಿಯ ಮದ್ದುಗುಂಡಿನ ಕಾರ್ಖಾನೆಯಲ್ಲಿ ಕಾರಕೂನಿಕೆ ಮಾಡುವ ನನಗೂ ಮೋಟಾರಿಗೂ ಏನು ಸಂಬಂಧ?

ಅವರು ಪುಣೆಯ ಕ್ಯಾಂಪಿನಲ್ಲಿ ಒಂದು ವಿಲಾಯತಿ ಮೋಟಾರು ಕಂಪನಿಯ ಗುಮಾಸ್ತರಾಗಿ ಆಯುಷ್ಯ ಸವೆಸಿದವರು. ಅಲ್ಲಿಗೆ ಬರುವ ಸಾಹೇಬರು ಓದಿ ಬಿಸಾಕಿದ ಇಂಗ್ಲಿಷ್ ಮೋಟಾರು ಮಾಸಿಕಗಳನ್ನು ಮೊದಲನೇ ಮಹಾಯುದ್ಧಕ್ಕಿಂತ ಹಿಂದಿನಿಂದ ಕೂಡಿಹಾಕುತ್ತ ಬಂದಿದ್ದರು. ವರ್ಷವಾರು ಜೋಡಿಸಿ, ದಬ್ಬಣದಿಂದ ತಾವೇ ಹೊಲಿದು, ತಮ್ಮನ ಬಟ್ಟೆ ಅಂಗಡಿಯಲ್ಲಿ ಉಳಿದ ತುಂಡುಗಳಿಂದ ರಟ್ಟಿಗೆ ಹೊದಿಕೆ ಹಾಕಿ, ಹುಳ ಬೀಳದಂತೆ ನಡುನಡುವೆ ಬೇವಿನ ಎಲೆ ಇಡುತ್ತಿದ್ದರು. ರವಿವಾರ ಪೇಟೆಯ ವಾಡೆಯಲ್ಲಿ ಅವರ ಕೋಣೆ ನೆಲದಿಂದ ತೊಲೆಯ ತನಕ ಇವುಗಳಿಂದಲೇ ತುಂಬಿತ್ತು. ಒಂದು ಚಾಪೆ ಹಾಸುವಷ್ಟು ಜಾಗ ಉಳಿದಿತ್ತು, ಅದರಲ್ಲಿ ಅವರು ಮಲಗುತ್ತಿದ್ದರು.

ಹೆಂಡತಿ ಮೊದಲ ಬಾಣಂತನದಲ್ಲೇ ಕೂಸಿನ ಜೊತೆ ಹೋಗಿಬಿಟ್ಟಿದ್ದಳು. ಮತ್ತೆ ಮದುವೆಯಾಗಲಿಲ್ಲ. ತಮ್ಮ ಮುರುಗೆಪ್ಪನನ್ನು ಓದಿಸಿ, ಅಂಗಡಿ ಹಾಕಿಸಿಕೊಟ್ಟು, ಅವನ ಮನೆಯಲ್ಲೇ ಉಳಿದರು. ಜನ್ಮದಲ್ಲಿ ಒಮ್ಮೆಯೂ ಮೋಟಾರು ಓಡಿಸಿದವರಲ್ಲ. ಯಾಕ್ರೀ ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಒಳಗ ಕುಂತ್ರ ಏನ್ ಕಾಣತದರಿ? ಬರೇ ರಸ್ತಾ ಕಾಣತದ. ಮೋಟಾರ ಕಾಣಬೇಕಂದ್ರ ಪುಸ್ತಕನ ತೆಗೀಬೇಕು" ಅಂದಿದ್ದರು.

ಎರಡನೇ ಯುದ್ಧ ಮುಗಿದ ಮರುವರ್ಷ ಮುರುಗೆಪ್ಪನ ಮಗಳ ಲಗ್ನ ಗೊತ್ತಾಯಿತು. ಮುರುಗೆಪ್ಪನ ಹೆಂಡತಿ ರುದ್ರವ್ವ ಗಂಡನ ಅಣ್ಣನ ಎದುರು ನಿಂತು ಮಾತಾಡುವ ಹೆಂಗಸಲ್ಲ. ಆ ಮನೆಯ ರೂಢಿ ಹಾಗೆ. ಆಕೆ ಭಾವನಿಗೆ ಹೇಳಬೇಕಾದ್ದನ್ನೆಲ್ಲ ಗೋಡೆಗೆ ಹೇಳುತ್ತಿದ್ದಳು, ಭಾವ ಕೋಣೆಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದರು. ಅವತ್ತು ನಾನೂ ಆ ಕೋಣೆಯ ಹೊಸ್ತಿಲ ಮೇಲೆ ಕೂತಿದ್ದೆ.

"ಬೀಗರು ಬಂದ್ರ ಎಲ್ಲಿ ಮಲಗಸೂದವ್ವಾ? ಮೋಟಾರ ಮ್ಯಾಲ ಮಲಗಸ್ಲ್ಯಾ?" ಎಂದು ಆಕೆ ಗೋಡೆಯನ್ನು ಕೇಳಿದಳು. "ಹಂಗ ಸತ್ತವರ ಸಾಮಾನ ಇಟಗೊಂಡಂಗ ರದ್ದಿ ಇಟಗೊಂಡು ಕುಂತ್ರ, ಹೆಣ್ಣ ಕೊಟ್ಟ ಮನ್ಯಾಗ ಮರ್ಯಾದಿ ಉಳೀತದ? ಶಿವರಾತ್ರಿ ಒಳಗ ಅದಕ್ಕೊಂದು ದಾರಿ ಆಗಲಿಲ್ಲಂದ್ರ ರದ್ದಿಯವನ್ನ ಕರ್ಯಾಕಿನ ನಾ. ಮನಿಗೆ ಹಿರೇರು ಅನಿಸಿಕೊಂಡವರಿಗೆ ಇಷ್ಟರ ತಿಳೀಬೇಕು."

ಮುರುಗೆಪ್ಪ ಅಲ್ಲೇ ಎಲೆ ಅಡಿಕೆ ಜಗಿಯುತ್ತಿದ್ದ. ಬಾಯಿ ತುಂಬ ಇತ್ತು, ಹಾಗಾಗಿ ಏನೂ ಹೇಳಲಿಲ್ಲ. ಆ ಬಾಯಿ ಯಾವಾಗಲೂ ಸರಿಯಾದ ಹೊತ್ತಿಗೆ ತುಂಬಿರುತ್ತಿತ್ತು.

ರದ್ದಿ ಎಂಬ ಮಾತು ಕೇಳಿದ್ದೇ ಶಿವರುದ್ರಪ್ಪನವರು ಹತ್ತಿರದ ಸಂಪುಟವೊಂದನ್ನು ಮಡಿಲಿಗೆ ಎಳೆದುಕೊಂಡರು. ರದ್ದಿಯವನು ಹೊಲಿಗೆ ಬಿಚ್ಚುತ್ತಾನೆ. ಹಾಳೆ ಹಾಳೆ ಮಾಡಿ ಚುರುಮುರಿಯವನಿಗೊಂದಿಷ್ಟು, ಕಡಲೆಯವನಿಗೊಂದಿಷ್ಟು ಮಾರುತ್ತಾನೆ. ಪುಣೆಯ ಗಟಾರುಗಳಲ್ಲೆಲ್ಲ ಎಣ್ಣೆ ಹತ್ತಿದ ಮೋಟಾರುಗಳು ತೇಲುತ್ತವೆ. "ಕೊಡಾಕ ನಾ ತಯಾರ ಅದೀನ್ರಿ. ಆದರ ಎಲ್ಲಾ ಕೂಡೆ ಇರಬೇಕ್ರಿ. ಅಗಲಬಾರದು" ಎಂದು ನನ್ನ ಕೈ ಹಿಡಿದು ಹೇಳಿದರು. ನನಗೆ ಕನಿಕರಕ್ಕಿಂತ ಸಿಟ್ಟೇ ಹೆಚ್ಚು ಬಂತು. ನಿಮ್ಮ ಕಾಸಿನಿಂದ ನಿಂತ ಮನೆ ಅದು, ಒಮ್ಮೆ ಗುಡುಗಿ ನೋಡಿ ಎಂದೆ. ಅವರು ಹೌದ್ರಿ ಅಂದರು, ಗುಡುಗಲಿಲ್ಲ.

ಆಮೇಲೆ ಮನೆ ಹುಡುಕುವುದು ಶುರುವಾಯಿತು. ಅವರು ದುಡಿದ ಕಂಪನಿಯ ಸಾಹೇಬ ತನ್ನ ಗಂಟುಮೂಟೆ ಕಟ್ಟುವ ಅವಸರದಲ್ಲಿದ್ದ, ಬಾಗಿಲಲ್ಲೇ ನಿಲ್ಲಿಸಿ ಕಳಿಸಿದ. ಕನ್ನಡಿಗರ ವಾಚನಾಲಯದವರು ಇಂಗ್ಲಿಷು ಬೇಡ ಅಂದರು. ಒಂದು ಕಾಲೇಜಿನವರು ಇವು ಪುಸ್ತಕಗಳೇ ಅಲ್ಲ, ಬರೀ ಜಾಹಿರಾತು ಎಂದು ನಕ್ಕರು. ಗ್ಯಾರೇಜಿನವನೊಬ್ಬ ಮಾತ್ರ ಖುಷಿಯಿಂದ ಒಪ್ಪಿಕೊಂಡ. ಕೈಗೆ ಹತ್ತಿದ ಎಣ್ಣೆ ಒರೆಸಲು ಬೇಕಾಗಿತ್ತಂತೆ.

ಕಡೆಗೆ ಒಪ್ಪಿದವನು ರಾಘಣ್ಣ. ಉಡುಪಿ ಕಡೆಯವನು. ಸ್ಟೇಶನ್ನಿನ ಹತ್ತಿರ ಅವನ ಹೋಟೆಲು, ಮೇಲೆ ನನ್ನಂಥ ಒಂಟಿ ಜನರಿಗೆ ಬಾಡಿಗೆ ಕೋಣೆಗಳು. ಮುಂಬೈಗೆ ಹೋಗಿಬರುವ ಟ್ಯಾಕ್ಸಿಯವರು, ಲಾರಿಯವರು ಅವನ ಗಿರಾಕಿಗಳು. ಶಿವರುದ್ರಪ್ಪನವರು ಪ್ರತಿ ರವಿವಾರ ನನ್ನ ಜೊತೆ ಅಲ್ಲಿ ಕಾಫಿ ಕುಡಿಯುತ್ತಿದ್ದರು.

"ಅಯ್ಯೋ, ತನ್ನಿ ಮಾರಾಯ್ರೆ!" ಅಂದ ರಾಘಣ್ಣ. "ಮೇಲೆ ಒಂದು ಕೋಣೆ ಸುಮ್ನೆ ಬಿದ್ದುಕೊಂಡುಂಟು. ಹಲಗೆ ಹೊಡೆಸ್ತೇನೆ. ಡ್ರೈವರ್‌ಗಳು ಬಂದ್ರೆ ಚಿತ್ರ ನೋಡ್ತಾ ಇನ್ನೆರಡು ಕಾಫಿ ಕುಡೀತಾರೆ. ಬಾಗಿಲಿಗೆ ನಿಮ್ಮ ಹೆಸರೇ ಬರೆಸುವ."

ಶಿವರುದ್ರಪ್ಪನವರು ಅಳುವುದೊಂದು ಬಾಕಿ. ಕೈಗಾಡಿ ಎಷ್ಟು ಸಲ ಬಂದು ಹೋಯಿತೋ, ಪ್ರತಿ ಸಲ ಅದರ ಹಿಂದೆ ಅವರು ರುಮಾಲು ಸರಿಮಾಡಿಕೊಳ್ಳುತ್ತ ನಡೆದರು. ಕೊನೆಯ ಗಾಡಿ ಹೊರಟ ಮರುಕ್ಷಣ ರುದ್ರವ್ವ ಕೋಣೆಗೆ ಸಗಣಿ ಸಾರಿಸಿ, ಲಗ್ನದ ಪಾತ್ರೆ ಪಗಡೆ ತುಂಬಿ, ಬಾಗಿಲಿಗೆ ಬೀಗ ಹಾಕಿದಳು. ಚಾಪೆ ಮೆಟ್ಟಿಲ ಕೆಳಗೆ ಹೋಯಿತು.

ಓದುವ ಕೋಣೆ ತೆರೆಯುವುದು ಶುಕ್ರವಾರ ಎಂದು ರಾಘಣ್ಣನ ತಾಯಿ ರಾಜೀವಿಯಮ್ಮ ಗೊತ್ತುಮಾಡಿದರು. ಆ ಹೋಟೆಲು ನಡೆಯುತ್ತಿದ್ದುದೇ ಅವರ ಮಡಿಯ ಮೇಲೆ. ಅಡಿಗೆಮನೆಯ ಹೊಸ್ತಿಲನ್ನು ಸ್ನಾನವಿಲ್ಲದೆ ಯಾರೂ ದಾಟುವಂತಿಲ್ಲ, ಲೋಟ ತುಟಿಗೆ ತಾಗಿಸಿ ನೀರು ಕುಡಿಯುವಂತಿಲ್ಲ. ಪುಣೆಯ ಎಷ್ಟೋ ಮಡಿವಂತರು ಆ ಹೆಸರು ಕೇಳಿಯೇ ಅಲ್ಲಿಗೆ ಬರುತ್ತಿದ್ದರು. ಹೆಂಗಸು ಕೆಟ್ಟವಳೆಂದು ನಾನು ಹೇಳುವುದಿಲ್ಲ. ಜ್ವರ ಬಂದಾಗ ನನಗೆ ಗಂಜಿ ಕಳಿಸಿದವರು.

ಅವತ್ತು ಅವರು ಮಿಂದು, ಮಡಿಸೀರೆ ಉಟ್ಟು, ಯಾರನ್ನೂ ಮುಟ್ಟದೆ ಮೇಲೆ ಬಂದರು. ಸರಸ್ವತಿಯ ಪಟದ ಮುಂದೆ ದೀಪ ಹಚ್ಚಿ, ತಾವೇ ಕೈಯಾರೆ ನಾಲ್ಕಾರು ಸಂಪುಟ ಎತ್ತಿಟ್ಟು ಅರಿಸಿನ ಕುಂಕುಮ ಹಾಕಿದರು. ಕಣ್ಣಿಗೆ ಒತ್ತಿಕೊಂಡರು. ಶಿವರುದ್ರಪ್ಪನವರು ಹೊಸ ಕೋಟು ಹಾಕಿಕೊಂಡು ಮದುಮಗನ ಹಾಗೆ ನಿಂತಿದ್ದರು. ಅಂಥ ಮುಖ ನಾನು ಅವರಲ್ಲಿ ಮೊದಲು ಕಂಡಿರಲಿಲ್ಲ.

"ಒಂದು ಗಾಡಿ ತೋರ್ಸಿ ಕಾಂಬ," ಅಂದರು ರಾಜೀವಿಯಮ್ಮ ನಗುತ್ತ. "ನಾನೂ ನೋಡ್ತೇನೆ, ಎಂಥ ಚಂದ ಉಂಟು ಅಂತ."

ಶಿವರುದ್ರಪ್ಪನವರು ಒಂದು ಸಂಪುಟ ಬಿಚ್ಚಿದರು. ನಾಲಗೆಗೆ ತೋರುಬೆರಳು ಒತ್ತಿ, ಹಾಳೆ ತಿರುವಿದರು. ಮತ್ತೆ ಬೆರಳು ನಾಲಗೆಗೆ, ಮತ್ತೆ ಹಾಳೆ. ನಮ್ಮ ಕಚೇರಿಯಲ್ಲಿ ಎಲ್ಲರೂ ಹಾಗೇ ತಿರುವುತ್ತೇವೆ, ಅದನ್ನು ನೋಡುವವರು ಯಾರು? ಆದರೆ ರಾಜೀವಿಯಮ್ಮನ ನಗು ನಿಂತುಹೋಯಿತು.

"ಎಲ್ಲ ಪುಟವನ್ನೂ ಹೀಗೆಯೇ ತಿರುಗಿಸಿದ್ದಾ ನೀವು?"

ತಮ್ಮ ಶ್ರದ್ಧೆಯನ್ನು ಕೇಳುತ್ತಿದ್ದಾರೆಂದು ತಿಳಿದುಕೊಂಡಿತು ಆ ಪ್ರಾಣಿ. ಎದೆ ಉಬ್ಬಿಸಿ ಹೇಳಿದರು: "ಹೌದ್ರಿ ಅವ್ವಾರ. ಒಂದು ಹಾಳಿನೂ ಬಿಟ್ಟಿಲ್ಲರಿ. ಒಂದೊಂದು ಹಾಳಿ ಎಷ್ಟೋ ಸಲ ತಿರಿವೇನಿ."

"ಎಂಜಲು!" ಎಂದು ಚೀರಿದರು ರಾಜೀವಿಯಮ್ಮ. "ಶಿವ ಶಿವಾ! ದೇವರ ಮುಂದೆ ಇಟ್ಟೆನಲ್ಲ! ಕಣ್ಣಿಗೆ ಒತ್ತಿಕೊಂಡೆನಲ್ಲ!" ಕೈಗಳನ್ನು ಮೈಯಿಂದ ದೂರ ಹಿಡಿದುಕೊಂಡು ಕೆಳಗೆ ಓಡಿದರು. ಉಟ್ಟ ಸೀರೆಯಲ್ಲೇ ತಲೆಯ ಮೇಲೆ ನೀರು ಸುರಿದುಕೊಂಡ ಸದ್ದು ಮೇಲಿನ ತನಕ ಕೇಳಿಸಿತು. ಹಣೆಗೆ ಗಂಧ ಹಚ್ಚಿಕೊಂಡು ತಿಂಡಿಗೆ ಕೂತಿದ್ದ ಇಬ್ಬರು ಎದ್ದು, ಏನಾಯಿತು ಎಂದು ಮರಾಠಿಯಲ್ಲಿ ವಿಚಾರಿಸಿದರು. ರಾಘಣ್ಣನ ಮುಖ ಅಲ್ಲೇ ಬಿಳುಚಿತು.

"ತೆಗೊಂಡು ಹೋಗಿ ಮಾರಾಯ್ರೆ," ಅಂದ. "ಹೋಟೆಲಿನಲ್ಲಿ ಎಂಜಲು ಇಟ್ಟುಕೊಂಡಿದ್ದಾರೆ ಅಂತ ಸುದ್ದಿಯಾದ್ರೆ ನನ್ನ ಬಾಗಿಲು ಮುಚ್ಚಿದ ಹಾಗೆಯೇ."

ಶಿವರುದ್ರಪ್ಪನವರು ಬೆರಳನ್ನು ಕೋಟಿಗೆ ಒರೆಸಿಕೊಂಡರು. ಒರೆಸುತ್ತಲೇ ಇದ್ದರು. ನಾನು ಅವರನ್ನು ಕರೆದುಕೊಂಡು ರವಿವಾರ ಪೇಟೆಗೆ ಹೋದೆ. ರುದ್ರವ್ವ ಬೀಗ ತೆಗೆಯಲಿಲ್ಲ. "ಹೊಂಟು ಹೋದದ್ದು ತಿರುಗಿ ಹೊಸ್ತಿಲ ದಾಟಿದ್ರ ಲಗ್ನದ ಮನಿಗೆ ಕೇಡು" ಎಂದು ಗೋಡೆಗೆ ಹೇಳಿ ಒಳಗೆ ಹೋದಳು. ಮುರುಗೆಪ್ಪನ ಬಾಯಿ ಅವತ್ತೂ ತುಂಬಿತ್ತು.

ಸಂಜೆ ನಾವು ಹೋಟೆಲಿಗೆ ಮರಳಿದಾಗ ರಾಜೀವಿಯಮ್ಮ ಹಿತ್ತಲಲ್ಲಿ ತಲೆಗೂದಲು ಒಣಗಿಸುತ್ತಿದ್ದರು. ಸಿಟ್ಟು ಇಳಿದಿತ್ತು. ಅವರೇ ಒಂದು ದಾರಿ ಹುಡುಕಿಟ್ಟಿದ್ದರು, ಶಾಸ್ತ್ರಕ್ಕೆ ಒಪ್ಪುವ ದಾರಿ.

"ರದ್ದಿಗೆ ಹಾಕ್ಲಿಕ್ಕೆ ನಾನು ಬಿಡುದಿಲ್ಲ," ಅಂದರು. "ಅಕ್ಷರ ಉಂಟಲ್ಲ, ಸರಸ್ವತಿಯನ್ನು ಯಾರ್ಯಾರೋ ತುಳೀಬಾರದು. ಬೆಂಕಿಗೆ ಕೊಟ್ರೆ ದೋಷ ಇಲ್ಲ. ಅಗ್ನಿಗೆ ಎಂಜಲಿಲ್ಲ. ಹೇಗೂ ಸ್ನಾನದ ಹಂಡೆಗೆ ಕಟ್ಟಿಗೆ ಸಿಕ್ತಾ ಇಲ್ಲ."

ರಾಘಣ್ಣ ತಲೆಯಾಡಿಸಿದ. ಕಟ್ಟಿಗೆಗೂ ಇದ್ದಿಲಿಗೂ ರೇಷನ್ನಿನ ಕಾಲ ಅದು. ಆದರೆ ಎಂಜಲನ್ನು ಮುಟ್ಟುವವರು ಯಾರು? ಹೋಟೆಲಿನ ಒಬ್ಬನೂ ಮುಂದೆ ಬರಲಿಲ್ಲ.

"ಅವರವರ ಎಂಜಲು ಅವರವರೇ ತೆಗೀಬೇಕು," ಅಂದರು ರಾಜೀವಿಯಮ್ಮ, ಮಗುವಿಗೆ ಹೇಳುವಷ್ಟು ಮೆತ್ತಗೆ. "ಬೆಳಿಗ್ಗೆ ಬನ್ನಿ ಅಪ್ಪ."

ನಾನು ಶಿವರುದ್ರಪ್ಪನವರ ಕಿವಿಯಲ್ಲಿ, ಬೇಡ ಅನ್ನಿ, ಹಾಳಾಗಿ ಹೋಗಲಿ, ರದ್ದಿಯವನಿಗೇ ಕೊಟ್ಟು ಕೈತೊಳೆದುಕೊಳ್ಳಿ ಎಂದೆ. ಅವರು ಮೇಲಿನ ಕೋಣೆಯ ಕಡೆ ನೋಡಿ ಅಂದರು: "ಚೂರ ಚೂರ ಆಗಿ ಊರ ತುಂಬ ತಿರುಗೂದು ಬ್ಯಾಡ್ರಿ. ಇಲ್ಲೆರ ಎಲ್ಲಾ ಕೂಡೆ ಹೋಗತಾವು."

ಮರುದಿನ ಮುಂಜಾನೆಯಿಂದ ಅವರು ಬಚ್ಚಲ ಒಲೆಯ ಮುಂದೆ ಕೂತರು. ಆ ವಿಲಾಯತಿ ನುಣುಪು ಕಾಗದ ಸುಲಭವಾಗಿ ಉರಿಯುವಂಥದ್ದಲ್ಲ. ಸಂಪುಟವನ್ನು ಇಡಿಯಾಗಿ ಹಾಕಿದರೆ ಹೊಗೆಯಾಡಿ ಆರಿಹೋಗುತ್ತಿತ್ತು. ತಾವು ಹಾಕಿದ ಹೊಲಿಗೆಯನ್ನು ತಾವೇ ಕತ್ತರಿಸಿ, ಒಂದೊಂದೇ ಹಾಳೆ ಕಿತ್ತು, ಮುದುಡಿ, ಒಲೆಗೆ ತುರುಕಬೇಕಾಗಿತ್ತು. ಮುದುಡುವ ಮೊದಲು ಒಮ್ಮೆ ನೋಡುತ್ತಿದ್ದರು. "ನೋಡ್ಲಿಕ್ಕೆ ಕೂತ್ರೆ ನೀರು ಕಾಯುದು ಯಾವಾಗ?" ಎಂದು ರಾಘಣ್ಣ ಕೂಗುತ್ತಿದ್ದ. ಆಮೇಲೆ ಅವರು ನೋಡುವುದನ್ನು ಬಿಟ್ಟರು.

ಹಂಡೆ ಕುದಿಯಿತು. ಬಾಡಿಗೆಯ ಜನ ಸರದಿಯಲ್ಲಿ ನಿಂತು ಸ್ನಾನ ಮಾಡಿದರು, ನಾನೂ ಮಾಡಿದೆ. ಇಷ್ಟು ಬಿಸಿ ನೀರು ಯುದ್ಧಕ್ಕೆ ಮೊದಲೂ ಸಿಕ್ಕಿರಲಿಲ್ಲ ಎಂದು ಎಲ್ಲರೂ ಹೊಗಳಿದರು. ರಾಜೀವಿಯಮ್ಮ ಹಿತ್ತಲ ಕಟ್ಟೆಯ ಮೇಲೆ ಶಿವರುದ್ರಪ್ಪನವರಿಗೆಂದೇ ಒಂದು ಬೇರೆ ಲೋಟ ಇಟ್ಟು, ಅದಕ್ಕೆ ಮೇಲಿನಿಂದ ಕಾಫಿ ಹೊಯ್ಯುತ್ತಿದ್ದರು. ಅತ್ತ ರುದ್ರವ್ವನಿಗೂ ಸಮಾಧಾನ. ಭಾವನಿಗೆ ಈ ವಯಸ್ಸಿನಲ್ಲಿ ಒಂದು ಕೆಲಸ ಸಿಕ್ಕಿತು, ಕಾಫಿ ತಿಂಡಿ ಅಲ್ಲೇ ಆಗುತ್ತದೆ ಎಂದು ಬೀಗರ ಮುಂದೆ ಹೇಳಿಕೊಂಡಳಂತೆ. ಲಗ್ನವೂ ಆಯಿತು. ಹುಡುಗಿಯ ದೊಡ್ಡಪ್ಪ ಕೈಯೆಲ್ಲ ಮಸಿ ಮಾಡಿಕೊಂಡು ಬಂದು ಅಕ್ಷತೆ ಹಾಕುವುದು ಬೇಡವೆಂದು ಅವರನ್ನು ಹಿಂದೆ ನಿಲ್ಲಿಸಿದ್ದರು.

ಬೇಸಿಗೆ ಏರುವ ಹೊತ್ತಿಗೆ ಒಂದು ಬೆಳಿಗ್ಗೆ ಕೊನೆಯ ರಟ್ಟೂ ಒಲೆಗೆ ಬಿತ್ತು. ರಾಘಣ್ಣ ಬಂದು ಖಾಲಿ ಮೂಲೆ ನೋಡಿ, "ಮುಗೀತಾ? ನಾಳೆಯಿಂದ ಬರುದು ಬೇಡ ಹಾಗಾದ್ರೆ" ಅಂದ.

ಶಿವರುದ್ರಪ್ಪನವರು ಏಳಲಿಲ್ಲ. "ಹಂಡೆ ನಾನ ಕಾಸತೇನ್ರಿ," ಅಂದರು. "ಕಟಗಿ ಹಾಕತೇನ್ರಿ. ಏನೂ ಕೊಡಬ್ಯಾಡ್ರಿ. ಕಾಫಿನೂ ಬ್ಯಾಡ. ಇಲ್ಲೆ ಕೂಡತೇನಿ."

ರಾಘಣ್ಣ ತಾಯಿಯ ಕಡೆ ನೋಡಿದ. ರಾಜೀವಿಯಮ್ಮ ಲೊಚಗುಟ್ಟಿದರು. ಅವರ ಮುಖದಲ್ಲಿ ನಿಜವಾಗಿಯೂ ಮರುಕವಿತ್ತು, ಅದನ್ನು ಕಂಡೇ ನನಗೆ ರೇಗಿದ್ದು.

"ಅದು ನಿಮ್ಮ ಎಂಜಲಾಗಿತ್ತು, ನೀವು ಮುಟ್ಟಿದ್ರಿ," ಅಂದರು. "ಕಟ್ಟಿಗೆ ಮಡಿಯದ್ದಲ್ವಾ ಅಪ್ಪ. ಅದಕ್ಕೆ ನಿಮ್ಮ ಕೈ ಆಗ್ಲಿಕ್ಕಿಲ್ಲ."

"ಹಂಗಾರ ನಾ ಎಲ್ಲೆ ಕೂಡ್ಲಿ ಅವ್ವಾರ?"

"ಇದೆಂಥ ಮಾತು! ಇಷ್ಟು ದೊಡ್ಡ ಊರಲ್ಲಿ ನಿಮಗೆ ಕೂರ್ಲಿಕ್ಕೆ ಒಂದು ಜಾಗ ಇಲ್ವಾ?"

ಶಿವರುದ್ರಪ್ಪನವರು ಹೌದ್ರಿ ಅಂದರು. ಎದ್ದು, ಧೋತರದ ಬೂದಿ ಕೊಡವಿಕೊಂಡು, ಹಿತ್ತಲ ಬಾಗಿಲಿನಿಂದ ಹೊರಗೆ ಹೋದರು. ಅವರು ಕೂತಿದ್ದ ಜಾಗಕ್ಕೆ ರಾಜೀವಿಯಮ್ಮ ಒಂದು ಚೊಂಬು ನೀರು ಹಾಕಿಸಿದರು.