ಸೂಜಿ ಹಾಕಿದ ಮೇಲೆ

ರೋಣದ ಬಸ್ ಸ್ಟ್ಯಾಂಡಿನ ಹೆಂಗಸರ ಶೌಚಾಲಯದಿಂದ ಆಸಿಫಾ ಹೊರಗೆ ಬಂದು ಅಮ್ಮನ ಕಡೆ ನೋಡಿ ತಲೆಯಾಡಿಸಿದಳು. ಸೂಜಿ ಹಾಕಿಕೊಂಡಾಯಿತು ಎಂದು ಅದರ ಅರ್ಥ. ಇನ್ನು ಅರ್ಧ ತಾಸಿನೊಳಗೆ ಹುಡುಗಿಯ ಹೊಟ್ಟೆಗೆ ಏನಾದರೂ ಬೀಳಲೇಬೇಕು. ಕಮರುನ್ನಿಸಾ ಮಗಳನ್ನು ಗೋಡೆಯ ಮರೆಗೆ ಕರೆದುಕೊಂಡು ಹೋಗಿ ಚೀಲದಿಂದ ಚಪಾತಿಯ ಸುರುಳಿ ತೆಗೆಯುತ್ತಿದ್ದಳು, ಅಷ್ಟರಲ್ಲಿ ಹಿಂದಿನಿಂದ ದನಿ ಬಂತು.

"ಅಸ್ಸಲಾಮು ಅಲೈಕುಮ್, ಖಾಲಾ! ಬರ್ರಿ, ಆಟೋ ತಂದೇನಿ."

ಮುಜಫ್ಫರ. ರಂಜಾನ್ ಮುಗಿದು ಎರಡು ತಿಂಗಳಿಗೆ ಹಿರಿಯ ಮಗಳು ನಿಲೋಫರಳನ್ನು ಮದುವೆಯಾಗಲಿರುವ ಹುಡುಗ. ಒಳ್ಳೆಯವನೇ. ಆದರೆ ಒಳ್ಳೆಯವರು ಬರಬಾರದ ಹೊತ್ತಿಗೇ ಬರುತ್ತಾರೆ. ಚಪಾತಿ ಚೀಲದೊಳಗೆ ಹೋಯಿತು, ತಾಯಿ ಮಗಳು ಆಟೋ ಹತ್ತಿದರು.

ಆಸಿಫಾಳಿಗೆ ಹದಿನೈದು, ಒಂಬತ್ತನೇ ತರಗತಿ. ಒಂದೂವರೆ ವರ್ಷದ ಹಿಂದೆ ಹುಡುಗಿ ಕೊಡಗಟ್ಟಲೆ ನೀರು ಕುಡಿಯತೊಡಗಿದಳು, ಗಳಿಗೆಗೊಮ್ಮೆ ಬಚ್ಚಲಿಗೆ ಓಡತೊಡಗಿದಳು, ನೋಡನೋಡುತ್ತ ಕಡ್ಡಿಯಾದಳು. ಹರೆಯಕ್ಕೆ ಬಂದ ಹುಡುಗಿ, ಗಾಳಿ ಸೋಂಕಿರಬೇಕು ಎಂದರು ಓಣಿಯವರು. ತಾಯತ ಕಟ್ಟಿಸಿದ್ದೂ ಆಯಿತು. ಕೊನೆಗೆ ಎಚ್ಚರ ತಪ್ಪಿದವಳನ್ನು ಗದಗಿಗೆ ಹೊತ್ತುಕೊಂಡು ಹೋದಾಗ ಡಾಕ್ಟರರು ಹೇಳಿದರು: ಸಕ್ಕರೆ ಕಾಯಿಲೆ. ಮುದುಕರಿಗೆ ಬರುವಂಥದ್ದಲ್ಲ, ಮಕ್ಕಳಿಗೆ ಬರುವಂಥದ್ದು. ಯಾರ ತಪ್ಪೂ ಅಲ್ಲ. ದಿನಕ್ಕೆ ನಾಲ್ಕು ಸೂಜಿ, ಇರುವವರೆಗೂ. ಸೂಜಿ ಹಾಕಿಕೊಂಡು ಉಣ್ಣದೆ ಕೂತರೆ ಮೈಯೊಳಗಿನ ಸಕ್ಕರೆ ಸರ್ರನೆ ಇಳಿದು ಜೀವಕ್ಕೇ ಕುತ್ತು ಎಂದೂ ಹೇಳಿದ್ದರು.

ಕಮರುನ್ನಿಸಾ ತನ್ನೂರು ಗಜೇಂದ್ರಗಡಕ್ಕೆ ಬಂದು ಹೇಳಿದ್ದೇ ಬೇರೆ. ಟೈಫಾಯ್ಡ್ ಆಗಿತ್ತು, ಈಗ ಆರಾಮ. ಮನೆಯಲ್ಲಿ ಎರಡು ಹೆಣ್ಣು. ತಂಗಿಗೆ ಇದೆ ಎಂದರೆ ಅಕ್ಕನಿಗೂ ಬಂದೇ ಬರುತ್ತದೆ ಎನ್ನುವ ಜನ. ಗಾದಿ ಹೊಲಿಯುವ ಗಂಡ ರಫೀಕ ಮಾತು ಕಡಿಮೆಯ ಮನುಷ್ಯ, ನೀ ಹೇಳಿದಂಗ ಆಗಲಿ ಎಂದ. ತಂಪಾಗಿರಬೇಕಾದ ಔಷಧದ ಸೀಸೆ ಅಡುಗೆಮನೆಯ ಮೂಲೆಯಲ್ಲಿ ಹಸಿ ಉಸುಕಿನ ಗಡಿಗೆಯೊಳಗೆ ಅಡಗಿತು. ಗಡಿಗೆಯ ಬಾಯಿ ಕಟ್ಟಬಹುದು, ಜನರ ಬಾಯಿ ಕಟ್ಟಲಾಗದು ಎಂಬುದು ಆಕೆಗೂ ಗೊತ್ತಿತ್ತು. ಅದಕ್ಕೇ ಮಗಳ ಬಾಯಿ ಕಟ್ಟಿದಳು. ಯಾರಾದರೂ ಕೇಳಿದರೆ ಏನು ಹೇಳಬೇಕೆಂದು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದಳು.

ಹುಡುಗಿ ಒಮ್ಮೆ ಸೂಜಿ ಬಿಸಾಡಿ ಕೂಗಾಡಿದ್ದುಂಟು. "ನಾ ಏನ್ ಕಳುವು ಮಾಡೇನೇನು, ಹಿಂಗ ಮುಚ್ಚಿಟಗೊಂಡ ಅಡ್ಡಾಡಾಕ?" ಮೂರು ದಿನ ತಾಯಿಯೊಂದಿಗೆ ಮಾತು ಬಿಟ್ಟಿದ್ದಳು. "ನಿಮ್ಮ ಆಪಾನ ಲಗ್ನ ಆಗೂಮಟಾ ತಡಿ" ಎಂದಳು ತಾಯಿ. ಅಕ್ಕ ಎಂದರೆ ಆಸಿಫಾಳಿಗೆ ಪ್ರಾಣ. ಅಲ್ಲಿಂದಾಚೆ ತುಟಿ ಪಿಟಕ್ಕೆನ್ನಲಿಲ್ಲ.

ಈ ರಂಜಾನ್ ಬಂದದ್ದೇ ಫಜೀತಿಯಾಯಿತು. ಡಾಕ್ಟರರು ರೋಜಾ ಉಪವಾಸ ಬೇಡವೇ ಬೇಡ ಎಂದಿದ್ದರು. ಹನ್ನೆರಡು ದಿನದ ಹಿಂದೆ ಮುಜಫ್ಫರನ ತಾಯಿ ಗುಲ್ಷನ್ ಹೇಳದೆ ಕೇಳದೆ ಗಜೇಂದ್ರಗಡಕ್ಕೆ ಬಂದಾಗ ಆಸಿಫಾ ಹಾಡುಹಗಲೇ ಉಣ್ಣುತ್ತ ಕೂತಿದ್ದಳು. ಕಮರುನ್ನಿಸಾ ಥಟ್ಟನೆ "ಆಕೀಗೆ ಈಗ ನಮಾಜ ಮಾಫ್ ಐತ್ರಿ" ಎಂದುಬಿಟ್ಟಳು. ತಿಂಗಳ ಮುಟ್ಟಿನ ದಿನಗಳಲ್ಲಿ ಹೆಂಗಸರಿಗೆ ನಮಾಜೂ ಇಲ್ಲ, ರೋಜಾವೂ ಇಲ್ಲ. ಗುಲ್ಷನ್ ನಂಬಿದಳು. ಆದರೆ ಆ ನೆಪ ತಿಂಗಳಿಗೆ ಒಮ್ಮೆ ಮಾತ್ರ ನಡೆಯುವಂಥದ್ದು. ಇಂದು ಇಫ್ತಾರಿಗೆ ಕರೆ ಬಂದಾಗ, ಮದುಮಗಳು ಮದುವೆಗೆ ಮೊದಲೇ ಅತ್ತೆಮನೆ ಹೊಸಿಲು ತುಳಿಯುವಂತಿಲ್ಲ, ತಂಗಿಯನ್ನಾದರೂ ಕರೆತರಲೇಬೇಕು ಎಂದು ಗುಲ್ಷನ್ ಪಟ್ಟು ಹಿಡಿದಾಗ, ಕಮರುನ್ನಿಸಾಳ ಕೈಯಲ್ಲಿ ಯಾವ ನೆಪವೂ ಉಳಿದಿರಲಿಲ್ಲ. ಶಾಲೆಯಿಂದ ನೇರ ಬಸ್ಸು, ರೋಣದಲ್ಲಿಳಿದು ಮರೆಯಲ್ಲಿ ಸೂಜಿ, ಮರೆಯಲ್ಲಿ ಊಟ, ಆಮೇಲೆ ಬೀಗರ ಮನೆ. ಲೆಕ್ಕ ಸರಿಯಾಗಿಯೇ ಇತ್ತು, ಮುಜಫ್ಫರನ ಆಟೋ ಒಂದು ಬಿಟ್ಟು.

ಬೀಗರ ಪಡಸಾಲೆಯಲ್ಲಿ ಏಳೆಂಟು ಹೆಂಗಸರು ಚಾಪೆಯ ಮೇಲೆ ಕೂತು ಸಮೋಸ ತುಂಬುತ್ತಿದ್ದರು. ಗುಲ್ಷನ್ ಎದ್ದು ಬಂದು ಆಸಿಫಾಳ ಗಲ್ಲ ಹಿಡಿದಳು.

"ಎಷ್ಟ ಸೊರಗೀಯವಾ! ರೋಜಾ ಅದಿ ಹೌದಲ್ಲೋ?"

"ಹೌದ್ರಿ" ಎಂದಳು ಆಸಿಫಾ. ತಾಯಿಯ ಕಡೆ ನೋಡಲೂ ಇಲ್ಲ.

ಗೋಡೆಯ ಗಡಿಯಾರದಲ್ಲಿ ಮೂರು ಹತ್ತು. ಸೂಜಿ ಹಾಕಿ ಇಪ್ಪತ್ತು ನಿಮಿಷ. ಕಮರುನ್ನಿಸಾ ದನಿಯನ್ನು ಹಗುರ ಮಾಡಿಕೊಂಡು, "ಆಸಿಫಾ, ಹೋಗಿ ಮಾರಿ ತೊಳಕೊಂಡ ಬಾ. ಚೀಲ ತಗೊಂಡ ಹೋಗು" ಎಂದಳು.

"ಚೀಲ ಯಾಕ ಬೇಕ್ರಿ, ಟಾವೆಲ್ಲು ಸಾಬೂನು ಎಲ್ಲಾ ಅಲ್ಲೇ ಅದಾವು" ಎಂದು ಗುಲ್ಷನ್ ಪ್ರೀತಿಯಿಂದಲೇ ಚೀಲ ಇಸಿದುಕೊಂಡು ಗೂಟಕ್ಕೆ ಹಾಕಿದಳು. ಕಮರುನ್ನಿಸಾ ಕುಪ್ಪಸದಲ್ಲಿ ಸಿಕ್ಕಿಸಿಕೊಂಡಿದ್ದ ಬಿಸ್ಕೀಟಿನ ಚಿಕ್ಕ ಪುಡಿಕೆ ಹಿಡಿದು ಮಗಳ ಹಿಂದೆಯೇ ಹಿತ್ತಲಿಗೆ ಹೋದಳು.

"ತಿನ್ನು, ಲಗೂ ತಿನ್ನು."

"ಬ್ಯಾಡಮ್ಮಿ. ಬಚ್ಚಲದಾಗ ಕುಂತ ತಿನ್ನಾಂಗಿಲ್ಲ ನಾ."

"ಹಟಾ ಮಾಡೂ ಹೊತ್ತೇನ ಇದು? ಸೂಜಿ ಹಾಕ್ಕೊಂಡೀದಿ."

"ಅಡಗಿಮನಿ ಬಾಗಲದಾಗ ಮಂದಿ ನಿಂತಾರ, ನೋಡಲ್ಲೆ. ಸಿಕ್ಕಬಿದ್ದರ ಆಪಾನ ಲಗ್ನ ಹೋಗತೈತಿ. ನೀನ ಹೇಳಿದ್ದಿ." ಪುಡಿಕೆಯನ್ನು ತಾಯಿಯ ಕೈಗೆ ತುರುಕಿ ಹುಡುಗಿ ದಡದಡನೆ ಒಳಗೆ ನಡೆದಳು.

ನೀನೇ ಹೇಳಿದ್ದೆ. ಕಮರುನ್ನಿಸಾಗೆ ಕಪಾಳಕ್ಕೆ ಹೊಡೆದಂತಾಯಿತು. ಆ ಮಾತು ಸುಳ್ಳಲ್ಲವಲ್ಲ, ಅದಕ್ಕೇ ಹೆಚ್ಚು ಉರಿಯಿತು.

ಮೂರೂವರೆಗೆ ಆಸಿಫಾ ಮಡಿಸಿದ ಸಮೋಸ ಸೊಟ್ಟಗಾಯಿತು. ಹೆಂಗಸರು ನಕ್ಕರು, ಅವಳೂ ನಕ್ಕಳು, ಎಲ್ಲರೂ ನಿಲ್ಲಿಸಿದ ಮೇಲೂ ನಗುತ್ತಲೇ ಇದ್ದಳು. ಮೇಲ್ದುಟಿಯ ಮೇಲೆ ಬೆವರು. ಬೆರಳು ನಡುಗುತ್ತಿದ್ದವು. ತಾಯಿ ಕಣ್ಣಿನಲ್ಲೇ ಬೇಡಿಕೊಂಡಳು. ಮಗಳು ಬೇಕೆಂದೇ ಮುಖ ತಿರುವಿದಳು. ಆಮೇಲೆ ಕೈಯಲ್ಲಿದ್ದ ಹಿಟ್ಟಿನ ಹಾಳೆ ಜಾರಿ ಬಿತ್ತು, ತಲೆ ಗೋಡೆಗೆ ಒರಗಿತು.

"ಎಳೀ ಹುಡುಗಿ, ರೋಜಾ ಹತ್ತೇತಿ" ಎಂದಳು ಒಬ್ಬಳು. ಎಲ್ಲರಿಗೂ ಕನಿಕರ. ಒಬ್ಬಳು ದಿಂಬು ತಂದಳು, ಇನ್ನೊಬ್ಬಳು ಫ್ಯಾನು ಜೋರು ಮಾಡಿದಳು. "ಮಲಗಲಿ ಬಿಡ್ರಿ ಪಾಪ, ಮಗ್ರಿಬ್ ಅಜಾನ್ ಆದಾಗ ಎಬ್ಬಸೂಣು" ಎಂದಳು ಗುಲ್ಷನ್. ಹೊತ್ತು ಮುಳುಗುವ ಮಗ್ರಿಬ್‌ಗೆ ಇನ್ನೂ ಮೂರು ತಾಸು. ಅಷ್ಟು ಹೊತ್ತು ಮಲಗಿದರೆ ಮತ್ತೆ ಏಳುವುದಿಲ್ಲ ಎಂಬುದು ಆ ಮನೆಯಲ್ಲಿ ಒಬ್ಬಳಿಗೆ ಮಾತ್ರ ಗೊತ್ತಿತ್ತು.

ಗೊತ್ತಿದ್ದೂ ಆಕೆ ಏನು ಮಾಡಿದಳು? ಹೇಳಲು ನಾಚಿಕೆಯಾಗಬೇಕು. ಮಗಳ ಕಾಲ ಮೇಲೆ ಚಾದರ ಎಳೆದಳು. ಎಲ್ಲರೂ ಅತ್ತ ತಿರುಗಲಿ, ಕದ್ದು ಬಾಯಿಗೆ ಏನಾದರೂ ಹಾಕಿದರಾಯಿತು ಎಂದು ಲೆಕ್ಕ ಹಾಕಿದಳು. ನಿಲೋಫರಳ ಮುಖ, ಮದುವೆಯ ಸೀರೆ, ಓಣಿಯವರ ನಾಲಗೆ, ಎಲ್ಲ ಒಂದೇ ಸಲ ಕಣ್ಣ ಮುಂದೆ ಬಂದವು. ಅಷ್ಟರಲ್ಲಿ ಮಗಳ ಪಾದ ಕೈಗೆ ತಾಕಿತು. ಬಾವಿಯ ಕಲ್ಲಿನಷ್ಟು ತಣ್ಣಗಿತ್ತು.

ಎದ್ದಳು. ಇಫ್ತಾರಿಗೆಂದು ಕಲಸಿಟ್ಟಿದ್ದ ಶರಬತ್ತಿನ ಪಾತ್ರೆಗೆ ಲೋಟ ಅದ್ದಿ, ಪಕ್ಕದ ಸಕ್ಕರೆ ಡಬ್ಬಿಯನ್ನೂ ಹಿಡಿದು ತಂದು ಮಗಳ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡಳು.

"ಯಾ ಅಲ್ಲಾ! ಏನ್ ಮಾಡಾಕತ್ತೀರಿ ಬೀಗತೇರ? ಹುಡುಗಿ ರೋಜಾ ಮುರೀತೀರೇನು?" ಗುಲ್ಷನ್ ಲೋಟಕ್ಕೆ ಕೈ ಅಡ್ಡ ಹಿಡಿದಳು.

ಆಸಿಫಾ ಕಣ್ಣು ಅರ್ಧ ತೆರೆದಳು. ಎದುರಿಗಿದ್ದದ್ದು ಗುಲ್ಷನ್‌ಳ ಮುಖ. ನಾಲಗೆ ತೊದಲುತ್ತಿದ್ದರೂ ಪಾಠ ಮರೆತಿರಲಿಲ್ಲ. "ನನಗೇನೂ ಆಗಿಲ್ರಿ... ಟೈಫಾಯ್ಡ್ ಆಗಿತ್ತು... ಈಗ ಆರಾಮ ಅದೇನ್ರಿ." ಅಷ್ಟು ಹೇಳಿ ಹಲ್ಲು ಕಚ್ಚಿದಳು. ಲೋಟದ ಅಂಚು ಹಲ್ಲಿಗೆ ಬಡಿದು ಶರಬತ್ತು ಕೊರಳ ಮೇಲೆ ಚೆಲ್ಲಿತು.

ಜೀವ ಹೋಗುತ್ತಿರುವಾಗಲೂ ಹುಡುಗಿ ತಾಯಿಯ ಸುಳ್ಳನ್ನು ಕಾಯುತ್ತಿದ್ದಳು. ಕಮರುನ್ನಿಸಾಳ ಎದೆ ಒಡೆಯಿತು.

"ಟೈಫಾಯ್ಡ್ ಅಲ್ಲ!" ಎಂದು ಚೀರಿದಳು. "ನನ್ನ ಮಗಳಿಗೆ ಸಕ್ರಿ ಬ್ಯಾನಿ ಐತಿ. ದಿನಾ ನಾಕ ಸೂಜಿ ತಗೋತಾಳ. ಬಸ್ ಸ್ಟ್ಯಾಂಡಿನಾಗ ಸೂಜಿ ಹಾಕ್ಕೊಂಡ ಉಪವಾಸ ಕುಂತಾಳ. ಅವತ್ತ ನಮಾಜ ಮಾಫ್ ಐತಿ ಅಂದದ್ದೂ ಸುಳ್ಳ. ಎಲ್ಲಾ ಸುಳ್ಳ ಹೇಳಿದಾಕಿ ನಾನು, ಆಕಿ ಅಲ್ಲ." ಮಗಳ ಕಿವಿಗೆ ಬಾಗಿದಳು. "ಕೇಳಿದೇನ, ನನ್ನವ್ವಾ? ಎಲ್ಲಾರ ಮುಂದ ಹೇಳೇನಿ. ಇನ್ನ ಮುಚ್ಚೂದು ಏನೂ ಉಳಿದಿಲ್ಲ. ಬಾಯಿ ತೆಗಿ."

ಬೆರಳಿಗೆ ಸಕ್ಕರೆ ಹಚ್ಚಿ ಕೆನ್ನೆಯೊಳಗೆ ತಿಕ್ಕಿದಳು. ಹುಡುಗಿ ಬೆರಳು ಕಚ್ಚಿದಳು, ತಾಯಿ ಕೈ ತೆಗೆಯಲಿಲ್ಲ. ಮತ್ತೆ ಸಕ್ಕರೆ, ಮತ್ತೆ ತಿಕ್ಕುವುದು. ಕೊನೆಗೆ ದವಡೆ ಸಡಿಲವಾಯಿತು, ಒಂದು ಗುಟುಕು ಇಳಿಯಿತು, ಮತ್ತೊಂದು. ಎರಡನೆಯ ಲೋಟವನ್ನು ಆಸಿಫಾ ತಾನೇ ಹಿಡಿದುಕೊಂಡಳು. ಹತ್ತು ಹದಿನೈದು ನಿಮಿಷದಲ್ಲಿ ಮುಖಕ್ಕೆ ಬಣ್ಣ ಬಂತು, ಕಣ್ಣಿಗೆ ನೀರು ಬಂತು.

"ಆಪಾನ ಲಗ್ನ ಹೋತೇನಮ್ಮಿ?"

"ಹೋದರ ಹೋಗಲಿ" ಎಂದಳು ಕಮರುನ್ನಿಸಾ. ಒಬ್ಬ ಮಗಳ ಜೀವಕ್ಕೆ ಇನ್ನೊಬ್ಬ ಮಗಳ ಮದುವೆಯನ್ನು ಒಡ್ಡಿ ಕೂತಿದ್ದಳು, ಅದು ಗೊತ್ತಿತ್ತು. ನಿಲೋಫರಳಿಗೆ ಯಾವ ಮುಖದಲ್ಲಿ ಹೇಳುವುದೋ ಗೊತ್ತಿರಲಿಲ್ಲ. ಆದರೂ ಒಂದೂವರೆ ವರ್ಷದಿಂದ ಸೆರಗಿನಲ್ಲಿ ಕಟ್ಟಿಕೊಂಡಿದ್ದ ಕೆಂಡ ಕೆಳಗೆ ಬಿದ್ದಿತ್ತು.

ಗುಲ್ಷನ್ ಇನ್ನೂ ನಿಂತೇ ಇದ್ದಳು. "ನಿಶ್ಚಯ ಆಗಿ ಎಂಟ ತಿಂಗಳಾತು. ಎಂಟ ತಿಂಗಳ ನನ್ನ ಮಾರಿ ನೋಡಿ ಸುಳ್ಳ ಹೇಳಿದ್ರಿ."

"ಹೌದ್ರಿ."

"ಲಗ್ನದ ಮಾತ ನಾ ಒಬ್ಬಾಕಿ ಹೇಳೂದಲ್ಲ. ನಮ್ಮವರು ಬರಲಿ, ಆಮ್ಯಾಲೆ ನೋಡೂಣು." ದನಿಯಲ್ಲಿ ಸಿಟ್ಟು ಹಾಗೇ ಇತ್ತು. "ಆದರ ಈ ಕೂಸ ನನ್ನ ಮನ್ಯಾಗ ಸತ್ತಿದ್ದರ? ನಾನ ಮಲಗಲಿ ಬಿಡ್ರಿ ಅಂದಿದ್ದೆ. ಆ ಪಾಪ ಯಾರ ತಲೀ ಮ್ಯಾಲ ಹಾಕಾಕ ಬಂದಿದ್ರಿ ನೀವು?"

ಗುಲ್ಷನ್ ಒಳಗೆ ಹೋಗಿ ಸಣ್ಣ ಮಕ್ಕಳಿಗೆಂದು ಮಾಡಿದ್ದ ಅನ್ನ, ಬೇಳೆಸಾರು ಹಾಕಿಕೊಂಡು ಬಂದು, ಹಿತ್ತಲಲ್ಲಲ್ಲ, ಪಡಸಾಲೆಯ ನಡುವೆಯೇ ತಾಟು ಇಟ್ಟಳು. "ಇಲ್ಲೇ ಕುಂತ ಉಣ್ಣ, ಅವ್ವಾ" ಎಂದಳು. ರೋಜಾ ಹಿಡಿದ ಏಳೆಂಟು ಹೆಂಗಸರ ಮಧ್ಯೆ ಆಸಿಫಾ ತಲೆ ತಗ್ಗಿಸಿ ಉಂಡಳು.

ಸಂಜೆ ಅಜಾನ್ ಆಯಿತು. ಖರ್ಜೂರ, ಶರಬತ್ತು ಮುಗಿದು ಊಟಕ್ಕೆ ದಸ್ತರಖಾನ್ ಹಾಸಿದರು. ಗಂಡಸರು ಹೊರಗಿನ ಕೋಣೆಯಲ್ಲಿ ಮೆಲುದನಿಯಲ್ಲಿ ಮಾತಾಡುತ್ತಿದ್ದರು. ಮಾತು ಯಾವುದರ ಮೇಲೆ ನಡೆದಿದೆ ಎಂದು ಎಲ್ಲರಿಗೂ ತಿಳಿದಿತ್ತು. ಊಟಕ್ಕೆ ಮುಂಚೆ ಇನ್ನೊಂದು ಸೂಜಿ ಆಗಬೇಕು. ಕಮರುನ್ನಿಸಾ ಗೂಟದಿಂದ ಚೀಲ ತೆಗೆದುಕೊಂಡು ಮಗಳ ಭುಜ ಮುಟ್ಟಿದಳು.

"ನಡಿ."

ಆಸಿಫಾ ತಲೆ ಎತ್ತಿ ಕೇಳಿದಳು. "ಎಲ್ಲಿಗೆ?"

ಕಮರುನ್ನಿಸಾ ಹಿತ್ತಲ ಕಡೆ ನೋಡಿದಳು. ಹುಡುಗಿ ತಾಯಿಯ ಕೈಯಿಂದ ಚೀಲ ತೆಗೆದುಕೊಂಡು ದೀಪದ ಕೆಳಗೆ ಸರಿದಳು, ಔಷಧ ಎಳೆದು ಬೆಳಕಿಗೆ ಹಿಡಿದು ನೋಡಿದಳು, ತೋಳಿನ ಬಟ್ಟೆ ಮೇಲಕ್ಕೆ ಸರಿಸಿದಳು. ಪಕ್ಕದಲ್ಲಿದ್ದ ಗುಲ್ಷನ್ ಕಡೆ ತಿರುಗಿ, "ಒಂದ ಸ್ವಲ್ಪ ಸರೀರಿ, ನೆಳ್ಳ ಬೀಳಾಕತ್ತೇತಿ" ಎಂದಳು.

ಗುಲ್ಷನ್ ಸರಿದು ಕೂತಳು.