ಕಟ್ಟಿದ ಕೂಸು

ಅಕ್ಕನ ಹಳೇ ಸೀರೆಯನ್ನು ಉದ್ದಕ್ಕೆ ಹರಿದು ಹೊಸೆದು, ಒಂದು ತುದಿಯನ್ನು ಬೇವಿನ ಮರಕ್ಕೆ ಬಿಗಿದೆ. ಇನ್ನೊಂದನ್ನು ಅವಳ ಮಗಳು ನಾಗಿಯ ಸೊಂಟಕ್ಕೆ ಸುತ್ತಿ, ಬೆರಳು ಆಡುವಷ್ಟು ಸಡಿಲ ಬಿಟ್ಟು ಗಂಟು ಹಾಕಿದೆ. ಅಕ್ಕ ಬೊಮ್ಮಕ್ಕ ಶೇಂಗಾ ಬಿಡಿಸುತ್ತಲೇ ಗಂಟನ್ನು ನೋಡಿದಳು. ನಾಗಿ ಮಣ್ಣುಹೆಂಟೆ ನೆಕ್ಕತೊಡಗಿದಳು.

ಮರದಾಚೆ, ನಾವು ಕೂಲಿಗೆ ಬಂದಿದ್ದ ಹೊಲದ ಗೌಡರು ಪರಮೇಶ್ವರಪ್ಪನವರ ನೀರಿನ ಹೊಂಡ. ಒಳಗೆಲ್ಲ ಕರಿ ಪ್ಲಾಸ್ಟಿಕ್ ಹಾಸಿರುವುದರಿಂದ ಬಿದ್ದವರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಹೊಂಡಕ್ಕೆ ಬೇಲಿಯಿಲ್ಲ. ದಂಡೆಯ ಮೋಟರಿಗೆ ಮಾತ್ರ ಕಬ್ಬಿಣದ ಪಂಜರ, ಪಂಜರಕ್ಕೆ ಬೀಗ.

ಹಿರಿಯೂರಿನಿಂದ ಮಕ್ಕಳ ರಕ್ಷಣೆಯ ಮೇಡಂ ಜೀಪಿನಲ್ಲಿ ಬಂದರು. ಧರ್ಮಪುರದ ರಸ್ತೆಯಲ್ಲಿ ಹೋಗುವ ಯಾರೋ ನಾಗಿಯ ಫೋಟೋ ಹೊಡೆದು ಕಳಿಸಿದ್ದರಂತೆ. ಇಳಿದವರೇ ಅವರೂ ಒಂದು ಹೊಡೆದರು.

"ಕರು ಕಟ್ಟಿದ ಹಾಗೆ ಕಟ್ಟಿದೀರಲ್ರೀ! ಇದು ಹಿಂಸೆ. ಮಗೂನ ಬಾಲಮಂದಿರಕ್ಕೆ ಸೇರಿಸಬೇಕಾಗುತ್ತೆ."

ಅಕ್ಕನ ಕೈಯಿಂದ ಗಿಡ ಜಾರಿತು.

"ಈ ಜನಾನೇ ಹಿಂಗೆ ಮೇಡಂ," ಎಂದರು ಕೊಡೆ ಹಿಡಿದು ನಿಂತಿದ್ದ ಪರಮೇಶ್ವರಪ್ಪ. "ಹಡಿಯೋದು ಗೊತ್ತು, ಸಾಕೋದು ಗೊತ್ತಿಲ್ಲ. ಬಿಚ್ಚೇ ಲೌಡಿ! ನನ್ ಹೊಲ್ದಾಗೆ ನನ್ ಮರ್ಯಾದಿ ಕಳೀತೀಯ?"

ಸಾಲಿನ ಕೊನೆಯಲ್ಲಿದ್ದ ಮುದುಕಿ ಕಾಳಕ್ಕ ಎಲೆಅಡಿಕೆ ಉಗಿದಳು. "ನಿಮ್ ಕರ ಕಟ್ಟದೆ ಬಿಟ್ಟಿದ್ರಲ್ಲ ಗೌಡ್ರೆ, ಇದೇ ಹೊಂಡದಾಗೆ ಉಬ್ಬಿ ತೇಲ್ತು. ಅವತ್ತು ನಿಮ್ಮನ್ಯಾಗೆ ಯಾರೂ ಉಣ್ಲಿಲ್ಲ. ನಮ್ ಕೂಸು ಮುಣುಗಿದ್ರೆ ನಮ್ನ ಉಣ್ಣಾಕಾರ ಬಿಡ್ತಿದ್ರೋ ಇಲ್ವೋ!"

ಹೆಂಗಸರು ಸೆರಗು ಕಚ್ಚಿ ನಕ್ಕರು.

"ಅಂಗನವಾಡಿ ಇಲ್ವಾ?" ಎಂದರು ಮೇಡಂ.

"ಐತೆ," ಎಂದಳು ಕಾಳಕ್ಕ. "ಅದು ಬಾಗ್ಲು ತೆಗೆಯೋದು ಹತ್ತಕ್ಕೆ, ಇವ್ರು ನಮ್ನ ಕರೆಯೋದು ಕೋಳಿ ಕೂಗೋ ಹೊತ್ತಿಗೆ. ಅಲ್ಲಿಗಂಟ ಕೂಸ್ನ ನಿಮ್ ಜೀಪ್ನಾಗೆ ಇಕ್ಕಾಣೇನವ್ವ?"

"ಮೊದಲು ಬಿಚ್ಚಿ!"

ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು ನಾನು. ದೊಡ್ಡವರೆದುರು ನನಗೆ ಬಾಯಿ ಬರುವುದಿಲ್ಲ. ಎದ್ದು ಹೋಗಿ ಮರದ ಗಂಟು ಬಿಚ್ಚಿದೆ. ಆ ತುದಿಯನ್ನು ಮೇಡಂ ಮುಂಗೈಗೆ ಸುತ್ತಿ ಗಂಟು ಹಾಕಿ, ಹೊಂಡದ ದಂಡೆಗೆ ಹೋಗಿ ನಿಂತೆ.

ನಾಗಿ ಓತಿಕ್ಯಾತನ ಹಿಂದೆ ನೇರ ಹೊಂಡಕ್ಕೇ ಓಡಿಬಂದಳು.

"ಅಯ್ಯೋ! ಅಯ್ಯೋ!" ಎಳೆತಕ್ಕೆ ಮೇಡಂ ಕಾಲಿನ ಚಪ್ಪಲಿ ಕಳಚಿತು. ಎರಡೂ ಕೈಯಲ್ಲಿ ಸೀರೆಯ ಹಗ್ಗ ಹಿಡಿದು ಜಗ್ಗಿದರು. ನಾಗಿ ಕುಂಡಿಯೂರಿ ಕೂತು ಕೇಕೆ ಹಾಕಿದಳು.

"ಬಿಡ್ರಿ ಮೇಡಂ," ಎಂದಳು ಕಾಳಕ್ಕ. "ಹಿಂಸೆ ಅಲ್ವಾ!"

ಮೇಡಂ ಬಿಡಲಿಲ್ಲ.

"ಗೌಡ್ರೆ, ಹೊಂಡಕ್ಕೆ ಬೇಲಿ ಹಾಕಿಸ್ರಿ," ಅಂದೆ.

ಪರಮೇಶ್ವರಪ್ಪ ಪಂಜರದ ಬೀಗ ಎಳೆದು ನೋಡುತ್ತಿದ್ದರು. ಮೇಡಂ ಹಗ್ಗವನ್ನು ಮುಂಗೈಗೆ ಇನ್ನೊಂದು ಸುತ್ತು ಸುತ್ತಿಕೊಂಡರು.

"ಒಂದು ಬೇಲಿ ಹಾಕಿಸ್ರಿ," ಮತ್ತೆ ಅಂದೆ.